ಪಾಸ್ಖ: ಸಾವಾದ ಮನೆಗೆ ಬಂದ ಹಬ್ಬ



ಬೆಟ್ಟದ ಮೇಲಿರುವ ಪುಣ್ಯಕ್ಷೇತ್ರಕ್ಕೆ ಬರುವ ನಮ್ಮ ಜನ ಸಾಮಾನ್ಯವಾಗಿ ಶಿಲುಬೆ ಹಾದಿ ಮಾಡಿಕೊಂಡೇ ಹತ್ತುತ್ತಾರೆ. ಒಂದೊಂದು ಸ್ಥಳದಲ್ಲೂ ಮಂಡಿಯೂರಿ, ಪ್ರಾರ್ಥನೆ ಹೇಳಿ, ಒಂದು ಮೇಣದಬತ್ತಿ ಹಚ್ಚಿ ಮುಂದಕ್ಕೆ. ಹದಿನಾಲ್ಕನೆಯ ಸ್ಥಳ ಮುಟ್ಟುವಷ್ಟರಲ್ಲಿ ಬಿಸಿಲೂ ಏರಿರುತ್ತೆ, ಉಸಿರೂ ಏರಿರುತ್ತೆ. ಆ ಹದಿನಾಲ್ಕನೆಯದು ಯಾವುದು? ಯೇಸುವಿನ ದೇಹವನ್ನು ಸಮಾಧಿಯಲ್ಲಿ ಇಡುವುದು. ಹಾದಿ ಅಲ್ಲಿಗೆ ನಿಲ್ಲುತ್ತೆ. 1731ರಲ್ಲಿ ಜಗದ್ಗುರು ಹನ್ನೆರಡನೇ ಕ್ಲೆಮೆಂಟರು ಸ್ಥಳಗಳು ಹದಿನಾಲ್ಕು ಎಂದು ಗೊತ್ತುಮಾಡಿದರು, ಅಂದಿನಿಂದ ಅದೇ ರೂಢಿ. ಈಚೆಗೆ ಕೆಲವು ಕಡೆ ಪುನರುತ್ಥಾನವನ್ನು ಹದಿನೈದನೆಯದಾಗಿ ಸೇರಿಸಿದ್ದಾರೆ. ಆದರೂ ನೋಡಿ, ಮಂಡಿಯೂರಿ ಅಳುವವರು ಹನ್ನೆರಡನೆಯ ಸ್ಥಳದ ಹತ್ತಿರ ಇರುತ್ತಾರೆ. ಹದಿನೈದನೆಯದರ ಹತ್ತಿರ ಇರುವವರು ಫೋಟೋ ತೆಗೆಸಿಕೊಳ್ಳುವವರು.

ಊರಿನ ದೇವಾಲಯಗಳಲ್ಲೂ ಕಥೆ ಹೀಗೇ. ನಮ್ಮ ದಾವಣಗೆರೆ, ಹರಿಹರದ ಕಡೆ ಶುಭ ಶುಕ್ರವಾರದ ದಿನ ದೇವಾಲಯದಲ್ಲಿ ಕಾಲಿಡೋಕೆ ಜಾಗ ಇರಲ್ಲ. ವರ್ಷಪೂರ್ತಿ ಮುಖ ತೋರಿಸದವರೂ ಅವತ್ತು ಉಪವಾಸವಿದ್ದು, ಏಪ್ರಿಲ್ ಬಿಸಿಲಿನಲ್ಲಿ ಶಿಲುಬೆಗೆ ಮುತ್ತಿಡಲು ಸಾಲಿನಲ್ಲಿ ನಿಲ್ಲುತ್ತಾರೆ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೆ ಅದರಲ್ಲಿ ಅರ್ಧ ಜನ ಬಂದರೆ ಹೆಚ್ಚು. ಉದ್ದುದ್ದ ವಾಚನಗಳು ಶುರುವಾದ ಮೇಲೆ ಮಕ್ಕಳು ಅಮ್ಮಂದಿರ ತೊಡೆಯ ಮೇಲೆ ನಿದ್ದೆ. ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ. ಸಾಯುವ ಯೇಸು ನಮಗೆ ಬೇಗ ಅರ್ಥವಾಗುತ್ತಾರೆ, ಯಾಕಂದರೆ ಸಾವು ಪ್ರತಿ ಮನೆಗೂ ಬಂದು ಹೋಗಿದೆ. ಎದ್ದು ಬಂದ ಯೇಸು ಅರ್ಥವಾಗೋದು ಕಷ್ಟ. ಎದ್ದು ಬಂದವರನ್ನು ನಾವ್ಯಾರೂ ನಮ್ಮ ಬೀದಿಯಲ್ಲಿ ನೋಡಿಲ್ಲವಲ್ಲ!

ಈಸ್ಟರ್ ಅನ್ನೋದು ಇಂಗ್ಲಿಷಿನವರು ಇಟ್ಟ ಹೆಸರು. ನಮ್ಮ ಪೂಜಾವಿಧಿಯಲ್ಲಿ ಪಾಸ್ಖ ಅನ್ನುತ್ತೇವೆ. ಹೀಬ್ರೂ ಭಾಷೆಯ ಪೆಸಾಖ್ ಅದರ ಮೂಲ, ಅಂದರೆ ದಾಟಿಹೋಗುವುದು. ಈಜಿಪ್ಟಿನಲ್ಲಿ ಜೀತಕ್ಕಿದ್ದ ಇಸ್ರಯೇಲರ ಮನೆಗಳನ್ನು ಸಾವು ದಾಟಿಹೋದ ರಾತ್ರಿಯ ನೆನಪು ಅದು. ಆ ಊಟದಲ್ಲಿ ಕುರಿಮರಿಯ ಮಾಂಸ, ಹುಳಿ ಹಾಕದ ರೊಟ್ಟಿ, ಜೊತೆಗೆ ಕಹಿ ಸೊಪ್ಪು. ಯುಗಾದಿಗೆ ಬೇವು-ಬೆಲ್ಲ ತಿಂದು ಬೆಳೆದ ನಮಗೆ ಹಬ್ಬದ ಎಲೆಯಲ್ಲಿ ಕಹಿ ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಾರೀಕು ವರ್ಷವರ್ಷವೂ ಬದಲಾಗುತ್ತಲ್ಲ ಫಾದರ್, ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಇದು ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಪಾಸ್ಖ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಬಹುತೇಕ ವರ್ಷ ಯುಗಾದಿ ಮುಗಿದು ಎರಡು ಮೂರು ವಾರಕ್ಕೆ ಬರುತ್ತೆ. ಇನ್ನು ಬೇಕರಿಯಲ್ಲಿ ಸಿಗುವ ಬಣ್ಣದ ಮೊಟ್ಟೆ, ಮೊಲ ಇವೆಲ್ಲ ಹೊರಗಿನಿಂದ ಬಂದವು. ಮಕ್ಕಳು ಖುಷಿಪಡಲಿ ಬಿಡಿ, ಅದರ ಬಗ್ಗೆ ಜಗಳವಿಲ್ಲ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಆ ಮನೆಯ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರ ಹೆಂಡತಿ ಹರಿಹರದ ಆರೋಗ್ಯಮಾತೆಗೆ ಹರಕೆ ಹೊತ್ತಿದ್ದರು. ಆ ಕ್ಷೇತ್ರ ಈಗ ಕಿರಿಯ ಬಸಿಲಿಕಾ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಯಾವ ಜಾತಿ, ಯಾವ ಧರ್ಮ ಅಂತ ಕೇಳುವ ಹಾಗಿಲ್ಲ, ಎಲ್ಲರೂ ಬರುತ್ತಾರೆ. ಈ ತಾಯಿ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ದಾವಣಗೆರೆಯಿಂದ ಬರಿಗಾಲಲ್ಲಿ ನಡೆದು ಹೋಗಿ ಬರುತ್ತಿದ್ದರು. ಸುಮಾರು ಹದಿನಾಲ್ಕು ಕಿಲೋಮೀಟರ್. ನಾಲ್ಕು ವರ್ಷ ಹೋದರು. ಐದನೆಯ ವರ್ಷ, ತಪಸ್ಸುಕಾಲದಲ್ಲಿ, ಯಜಮಾನರು ತೀರಿಕೊಂಡರು.

ಪವಿತ್ರ ವಾರದಲ್ಲಿ ನಾನು ಆ ಮನೆಗೆ ಹೋದೆ. ಜಾಗರಣೆಗೆ ಬನ್ನಿ ಅಂದೆ. "ಬೇಜಾರು ಮಾಡ್ಕೋಬೇಡಿ ಫಾದರ್, ಈ ವರ್ಷ ನಮಗೆ ಹಬ್ಬ ಇಲ್ರಿ" ಅಂದರು. ನಿಮಗೆಲ್ಲ ಗೊತ್ತಿರುವ ಪದ್ಧತಿ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡೋದಿಲ್ಲ. ಹೊಸ ಬಟ್ಟೆ ಇಲ್ಲ, ಸಿಹಿ ಇಲ್ಲ. ಯುಗಾದಿಯ ದಿನ ಪಕ್ಕದ ಮನೆಯ ಲಿಂಗಾಯತ ಅಮ್ಮನವರು ಹೋಳಿಗೆ ತಂದು, "ನೀವು ಮಾಡೋ ಹಂಗಿಲ್ಲ, ತಿನ್ನೋಕೇನಾಗ್ತೈತಿ" ಅಂತ ಕೈಗೆ ಕೊಟ್ಟು ಹೋಗಿದ್ದರಂತೆ. ಒಳ್ಳೆಯ ನೆರೆಹೊರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ತಾಯಿ ಕೇಳಿದರು: "ನಾಲ್ಕು ವರ್ಷ ನಡೆದೆ ಫಾದರ್. ಮಾತೆಗೆ ಕೇಳಿಸಲಿಲ್ವಾ?"

ಇಂಥ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವ ಗುರುಗಳನ್ನು ಕಂಡರೆ ನನಗೆ ಭಯ. ನಾನು ಅವತ್ತು ಆ ಪ್ರಶ್ನೆಯನ್ನು ಮುಟ್ಟಲಿಲ್ಲ. ಒಂದೇ ಮಾತು ಹೇಳಿದೆ: "ಅಮ್ಮಾ, ಬೇರೆ ಯಾವ ಹಬ್ಬ ಬಿಟ್ಟರೂ ಪಾಸ್ಖ ಬಿಡಬೇಡಿ. ಈ ಬೀದಿಯಲ್ಲಿ ಈ ವರ್ಷ ಆ ಹಬ್ಬ ಮೊದಲು ಬರಬೇಕಾದ್ದು ನಿಮ್ಮ ಮನೆಗೇ." ಅವರು ಏನೂ ಅನ್ನಲಿಲ್ಲ. ಮಗಳು ಕಾಫಿ ತಂದಿಟ್ಟಳು.

ಯಾಕೆ ಹಾಗಂದೆ? ಮೊದಲನೆಯ ಪಾಸ್ಖ ಹೇಗೆ ಬಂತು ಅಂತ ಶುಭಸಂದೇಶ ತೆರೆದು ನೋಡಿ. ಶುಕ್ರವಾರ ಮಧ್ಯಾಹ್ನ ಯೇಸು ಪ್ರಾಣ ಬಿಟ್ಟರು. ಸಂಜೆಯಾದರೆ ಸಬ್ಬತ್ ದಿನ, ಕೆಲಸ ಮಾಡುವ ಹಾಗಿಲ್ಲ. ಅರಿಮತಾಯದ ಜೋಸೆಫ್ ಪಿಲಾತನ ಹತ್ತಿರ ಹೋಗಿ ದೇಹ ಕೇಳಿಕೊಂಡು, ಅವಸರದಲ್ಲಿ ಬಟ್ಟೆ ಸುತ್ತಿ ಬಂಡೆಯಲ್ಲಿ ಕೊರೆದ ಗವಿಯಲ್ಲಿ ಇಟ್ಟರು. ಹೆಂಗಸರು ದೂರದಲ್ಲಿ ನಿಂತು ಜಾಗ ಗುರುತು ಹಾಕಿಕೊಂಡರು. ಶನಿವಾರ ಏನೂ ಇಲ್ಲ. ಸತ್ತವರ ಮನೆಯಲ್ಲಿ ಮಣ್ಣು ಮಾಡಿ ಬಂದ ಮಾರನೆಯ ದಿನ ಹೇಗಿರುತ್ತೆ ನಿಮಗೆ ಗೊತ್ತಲ್ಲ, ಹಾಗೆ. ಬಂದವರೆಲ್ಲ ಹೋಗಿರುತ್ತಾರೆ, ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಾರೆ. ನಾವೂ ಪವಿತ್ರ ಶನಿವಾರ ಹಗಲು ಬಲಿಪೂಜೆ ಮಾಡುವುದಿಲ್ಲ. ಪೀಠದ ಮೇಲೆ ಬಟ್ಟೆ ಕೂಡ ಇರಲ್ಲ.

ಭಾನುವಾರ ನಸುಕಿನಲ್ಲಿ ಆ ಹೆಂಗಸರು ಸುಗಂಧದ್ರವ್ಯ ಹಿಡಿದು ಹೊರಟರು. ಹಬ್ಬಕ್ಕೆ ಹೊರಟವರಲ್ಲ. ಅವಸರದಲ್ಲಿ ಅರ್ಧಕ್ಕೆ ನಿಂತಿದ್ದ ಹೆಣದ ಕೆಲಸ ಮುಗಿಸಲು ಹೊರಟವರು. ದಾರಿಯುದ್ದಕ್ಕೂ ಅವರ ಚಿಂತೆ ಒಂದೇ, ಬಾಗಿಲಿನ ಆ ದೊಡ್ಡ ಕಲ್ಲನ್ನು ಉರುಳಿಸಿಕೊಡುವವರು ಯಾರು ಅಂತ. ಪುನರುತ್ಥಾನ ಆಗಿರಬಹುದು ಎಂಬ ಯೋಚನೆ ಒಬ್ಬರ ತಲೆಯಲ್ಲೂ ಇರಲಿಲ್ಲ. ಕಲ್ಲು ಸರಿದಿದ್ದನ್ನು ಕಂಡು ಕುಣಿದರೇ? ಇಲ್ಲ, ನಡುಗುತ್ತಾ ಓಡಿಹೋದರು ಅನ್ನುತ್ತಾರೆ ಮಾರ್ಕ. ಅವರು ಹೋಗಿ ಹೇಳಿದಾಗ ಪ್ರೇಷಿತರು ಅದನ್ನು ಹುಚ್ಚು ಮಾತು ಅಂದುಕೊಂಡರು ಅನ್ನುತ್ತಾರೆ ಲೂಕ. ಮಗ್ದಲದ ಮರಿಯಳಂತೂ ಸಮಾಧಿಯ ಹೊರಗೆ ಅಳುತ್ತಾ ನಿಂತಿದ್ದಳು. ಎದುರಿಗೆ ಬಂದು ನಿಂತವರನ್ನು ತೋಟದ ಮಾಲಿ ಅಂದುಕೊಂಡಳು. ಯಾಕೆ ಅಳುತ್ತೀ ಅಂತ ಅವರು ಕೇಳಿದರೇ ಹೊರತು ಅಳಬೇಡ ಅಂತ ಗದರಲಿಲ್ಲ. ಆಮೇಲೆ ಹೆಸರು ಹಿಡಿದು ಕರೆದರು. ಆಗ ಗೊತ್ತಾಯಿತು. ಅಂದಿನ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಅಷ್ಟು ಬೆಲೆ ಇರಲಿಲ್ಲ. ಕಟ್ಟುಕಥೆ ಕಟ್ಟುವವರಾಗಿದ್ದರೆ ಊರ ಹಿರಿಯರನ್ನು ಮೊದಲು ಸಮಾಧಿಗೆ ಕಳಿಸುತ್ತಿದ್ದರು! ದೇವರು ಮಾತ್ರ ಆ ಸುದ್ದಿಯನ್ನು ಅಳುತ್ತಿದ್ದ ಒಬ್ಬ ಹೆಂಗಸಿನ ಕೈಗೆ ಕೊಟ್ಟರು. ಅದಕ್ಕೇ ಆಕೆಯನ್ನು ಧರ್ಮಸಭೆ ಪ್ರೇಷಿತರಿಗೆ ಪ್ರೇಷಿತೆ ಅಂತ ಕರೆಯುತ್ತೆ. ಜುಲೈ 22ರ ಆಕೆಯ ಸ್ಮರಣೆಯನ್ನು 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಹಬ್ಬದ ದರ್ಜೆಗೆ ಏರಿಸಿದರು.

ಸಂಜೆ ಇನ್ನೊಂದು ದೃಶ್ಯ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಅದೂ ಸಾವಾದ ಮನೆಯೇ. ಮುಚ್ಚಿದ ಆ ಮನೆಯ ನಡುವೆ ಯೇಸು ಬಂದು ನಿಂತು, ಶಾಂತಿ ಎಂದು ಹರಸಿ, ಏನು ತೋರಿಸಿದರು? ಕೈಗಳ ಗಾಯ, ಪಕ್ಕೆಯ ಗಾಯ. ನನ್ನ ಮಟ್ಟಿಗೆ ಪಾಸ್ಖದ ತಿರುಳು ಇಲ್ಲೇ ಇದೆ. ಸಾವನ್ನು ಗೆದ್ದು ಬಂದವರಿಗೆ ಆ ಗಾಯಗಳನ್ನು ಅಳಿಸಿಕೊಂಡು ಬರುವುದು ಕಷ್ಟವಿತ್ತೇ? ಸಿನಿಮಾದಲ್ಲಾದರೆ ಹೀರೋ ಕೊನೆಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುತ್ತಾನೆ. ನಮ್ಮ ಪ್ರಭು ಮೊಳೆ ಹೊಡೆದ ಕೈಯಲ್ಲೇ ಬಂದರು. ಶುಕ್ರವಾರ ನಡೆದದ್ದು ನಡೆದೇ ಇಲ್ಲ ಅಂತ ಭಾನುವಾರ ಹೇಳುವುದಿಲ್ಲ. ನಿಮ್ಮ ಮನೆಯ ಸಾವೂ ಹಾಗೇ. ಮರೆತುಬಿಡಿ, ಆದದ್ದಾಯಿತು, ದೇವರ ಚಿತ್ತ ಅಂತ ಬಂಧುಗಳು ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪುನರುತ್ಥಾನರಾದ ಯೇಸು ಆ ಮಾತು ಹೇಳಲಿಲ್ಲ. ಗಾಯ ತೋರಿಸಿದರು, ಆಮೇಲೆ ತಿನ್ನಲು ಏನಾದರೂ ಇದೆಯೇ ಅಂತ ಕೇಳಿ ಸುಟ್ಟ ಮೀನಿನ ತುಂಡು ತಿಂದರು. ಭೂತ ಮೀನು ತಿನ್ನುವುದಿಲ್ಲ.

ಅವತ್ತು ಅಲ್ಲಿ ಇಲ್ಲದ ತೋಮ, ಗಾಯದಲ್ಲಿ ಬೆರಳಿಟ್ಟ ಹೊರತು ನಂಬಲ್ಲ ಅಂದುಬಿಟ್ಟರು. ಅವರನ್ನು ಸಂದೇಹದ ತೋಮ ಅಂತ ಹಗುರವಾಗಿ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಅವರು ಕೇಳಿದ್ದು ಪವಾಡವನ್ನಲ್ಲ, ಗಾಯವನ್ನು. ಗಾಯವಿಲ್ಲದ ಯೇಸುವನ್ನು ತೋರಿಸಿದ್ದರೆ ಇವರು ನಮ್ಮ ಗುರು ಅಲ್ಲ ಅನ್ನುತ್ತಿದ್ದರೋ ಏನೋ. ಆ ತೋಮಸರೇ ಕ್ರಿ.ಶ. 52ರಲ್ಲಿ ನಮ್ಮ ದೇಶಕ್ಕೆ ಬಂದರು ಅನ್ನುವುದು ಪರಂಪರೆಯ ನಂಬಿಕೆ. ಚೆನ್ನೈನ ಸಂತ ತೋಮಸರ ಬೆಟ್ಟಕ್ಕೆ ಹೋದವರು ನಿಮ್ಮಲ್ಲಿ ಇರಬಹುದು. ದಾವಣಗೆರೆಯ ನಮ್ಮ ದೇವಾಲಯವೂ ಅವರ ಹೆಸರಿನದೇ.

ಜಾಗರಣೆಯ ರಾತ್ರಿ ಹಚ್ಚುವ ಪಾಸ್ಖ ದೀಪವನ್ನು ಮುಂದಿನ ಸಲ ಹತ್ತಿರದಿಂದ ನೋಡಿ. ದೇವಾಲಯದ ಹೊರಗೆ ಹೊಸ ಬೆಂಕಿ ಮಾಡಿ, ಆ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಗುರುತು ಕೊರೆದು, ಆ ವರ್ಷದ ನಾಲ್ಕು ಅಂಕಿ ಬರೆದು, ಐದು ಧೂಪದ ಹರಳು ಚುಚ್ಚುತ್ತಾರೆ. ಐದು ಗಾಯಗಳ ಗುರುತು ಅದು. ದೀಪಕ್ಕೇ ಗಾಯ ಮಾಡಿ ಹಚ್ಚುವ ಧರ್ಮ ನಮ್ಮದು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ವಿಧಿ ಶನಿವಾರ ಬೆಳಿಗ್ಗೆಯೇ, ಬೆಳಕಿನಲ್ಲೇ, ಲತೀನಿನಲ್ಲಿ ಮುಗಿದುಹೋಗುತ್ತಿತ್ತು. 1951ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಅದನ್ನು ರಾತ್ರಿಗೆ ಮರಳಿಸಲು ಅನುಮತಿ ಕೊಟ್ಟರು, 1955ರ ಸುಧಾರಣೆಯಲ್ಲಿ ಎಲ್ಲ ಕಡೆಗೂ ಗೊತ್ತುಮಾಡಿದರು. ಒಳ್ಳೆಯದಾಯಿತು. ಕತ್ತಲಿಲ್ಲದೆ ಹಚ್ಚಿದ ದೀಪ ಯಾರಿಗೆ ಬೇಕು? ನಿಜಲಿಂಗಪ್ಪ ಬಡಾವಣೆಯ ಆ ತಾಯಿ ಆ ರಾತ್ರಿ ಬಂದಿದ್ದರು. ಹಿಂದಿನ ಬಾಗಿಲ ಹತ್ತಿರ, ಸಾದಾ ಸೀರೆಯಲ್ಲಿ, ಮಗಳ ಜೊತೆ. ದೀಪದಿಂದ ದೀಪಕ್ಕೆ ಬೆಂಕಿ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಅವರ ಕೈಯ ಬತ್ತಿಗೂ ಬಂತು. ಅಲ್ಲೆಲೂಯ ಹಾಡುವಾಗ ಅತ್ತರು. ಇದನ್ನು ದೊಡ್ಡ ಸಾಕ್ಷ್ಯ ಅಂತ ನಾನು ಹೇಳುತ್ತಿಲ್ಲ. ಬಂದರು, ಅತ್ತರು, ಅಷ್ಟೇ. ಮಗ್ದಲದ ಮರಿಯಳೂ ಮಾಡಿದ್ದು ಅಷ್ಟೇ ಅಲ್ವಾ?

2019ರ ಏಪ್ರಿಲ್ 21, ಪಾಸ್ಖ ಭಾನುವಾರ. ಶ್ರೀಲಂಕಾದಲ್ಲಿ ಮೂರು ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕರ್ನಾಟಕದಿಂದ ಪ್ರವಾಸ ಹೋದವರೂ ಅವರಲ್ಲಿದ್ದರು. ನೆಗೊಂಬೊ ಊರಿನ ಸಂತ ಸೆಬಾಸ್ಟಿಯನ್ನರ ದೇವಾಲಯದಲ್ಲಿ ಪುನರುತ್ಥಾನ ಪ್ರಭುವಿನ ಪ್ರತಿಮೆಯ ಮೇಲೆ ಪೂಜೆಗೆ ಬಂದವರ ರಕ್ತ ಚಿಮ್ಮಿತ್ತು. ಆ ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಹಬ್ಬದ ದಿನವೇ ಹೀಗಾಯಿತಲ್ಲ, ದೇವರೆಲ್ಲಿದ್ದ ಅಂತ ಎಷ್ಟೋ ಜನ ಕೇಳಿದರು. ಆ ಪ್ರತಿಮೆ ನೋಡಿದಾಗ ನನಗೆ ಅನ್ನಿಸಿದ್ದು: ಅದರ ಕೈಗಳಲ್ಲಿ ಮೊದಲೇ ಗಾಯವಿತ್ತು. ಸತ್ತವರ ರಕ್ತ ಅಪರಿಚಿತರ ಮೈಮೇಲೆ ಬಿದ್ದಿರಲಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ, ಯಾಕಂದರೆ ಈ ಬೆಟ್ಟಕ್ಕೆ ಬಂದ ಎಷ್ಟೋ ಜನರ ಮಡಿಲಲ್ಲಿ ಅದೇ ಪ್ರಶ್ನೆ ಇದೆ. ಹರಕೆ ಹೊತ್ತೆವು, ನಡೆದೆವು, ಆದರೂ ಆಗಲಿಲ್ಲ. ಕೆಲವರಿಗೆ ಆಗಿದೆ. ವೈದ್ಯರು ಕೈಬಿಟ್ಟ ಮಗು ಓಡಾಡುತ್ತಿದೆ ಅಂತ ಕಣ್ಣೀರಿಟ್ಟು ಹೇಳುವ ತಂದೆ-ತಾಯಿಯನ್ನು ನಾನೂ ಕಂಡಿದ್ದೇನೆ, ಅವರ ಸಂತೋಷಕ್ಕೆ ನನ್ನದೂ ಆಮೆನ್. ಆದರೆ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಸತ್ತ ಮೂವರನ್ನು ಯೇಸು ಬದುಕಿಸಿದರು ಅಂತ ಶುಭಸಂದೇಶಗಳು ಹೇಳುತ್ತವೆ: ಯಾಯೀರನ ಮಗಳು, ನಾಯಿನ್ ಊರಿನ ವಿಧವೆಯ ಮಗ, ಬೆಥಾನಿಯದ ಲಾಜರ. ಆ ಮೂವರೂ ಆಮೇಲೆ ಮತ್ತೆ ಸತ್ತರು. ಲಾಜರ ಸಮಾಧಿಯಿಂದ ಹೊರಗೆ ಬಂದಾಗ ಕೈಕಾಲಿಗೆ ಹೆಣದ ಬಟ್ಟೆ ಸುತ್ತಿಕೊಂಡೇ ಇತ್ತು, ಬಿಚ್ಚಿ ಅಂತ ಬೇರೆಯವರಿಗೆ ಹೇಳಬೇಕಾಯಿತು. ಆ ಬಟ್ಟೆ ಅವರಿಗೆ ಇನ್ನೊಂದು ಸಲ ಬೇಕಾಗಿತ್ತಲ್ಲ! ಯೇಸುವಿನ ಸಮಾಧಿಯಲ್ಲಿ ಬಟ್ಟೆ ಅಲ್ಲೇ ಬಿದ್ದಿತ್ತು, ತಲೆಗೆ ಕಟ್ಟಿದ್ದು ಬೇರೆಯಾಗಿ ಸುತ್ತಿಟ್ಟಿತ್ತು ಅಂತ ಯೊವಾನ್ನ ಎಷ್ಟು ಗಮನವಿಟ್ಟು ಬರೆದಿದ್ದಾರೆ ನೋಡಿ. ಹಳೆಯ ಬದುಕಿಗೆ ಹಿಂತಿರುಗಿ ಬಂದವರು ಲಾಜರ. ಸಾವಿನ ಆಚೆಯ ದಡಕ್ಕೆ ದಾಟಿದವರು ಯೇಸು. ಪುಣ್ಯಕ್ಷೇತ್ರಗಳಲ್ಲಿ ನಮಗೆ ಸಿಗುವ ಗುಣ ಲಾಜರನ ಜಾತಿಯದು. ದೊಡ್ಡ ವರವೇ, ಆದರೆ ತಾತ್ಕಾಲಿಕ. ಪಾಸ್ಖದ ವರ ಬೇರೆ. ಗುಣವಾದವರಿಗೂ ಗುಣವಾಗದೆ ಹೋದವರಿಗೂ ಅದು ಒಂದೇ ಸಮ.

ಮಾತೆಗೆ ಕೇಳಿಸಲಿಲ್ವಾ? ಹದಿಮೂರನೆಯ ಸ್ಥಳದಲ್ಲಿ ಮಗನ ಹೆಣ ಯಾರ ಮಡಿಲಲ್ಲಿದೆ ಅಂತ ಇಳಿಯುವಾಗ ಒಂದು ಸಲ ನಿಂತು ನೋಡಿ. ಆರೋಗ್ಯಮಾತೆ ಅಂತ ನಾವು ಯಾರನ್ನು ಕರೆಯುತ್ತೇವೋ ಆಕೆ ಮಗನನ್ನು ಕಣ್ಣೆದುರೇ ಕಳಕೊಂಡವಳು. ಮಗ ಉಳಿಯಲಿ ಅಂತ ಬೇಡದ ತಾಯಿ ಯಾರು? ಶುಕ್ರವಾರ ಆಕೆಗೆ ಉತ್ತರ ಸಿಗಲಿಲ್ಲ. ಶನಿವಾರವೂ ಸಿಗಲಿಲ್ಲ. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ ಅಮ್ಮಾ, ಆ ಶನಿವಾರ ಏನೆಂದು ಆಕೆಯಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಇದನ್ನು ನಾನು ಆ ತಾಯಿಗೆ ಹೇಳಿದ್ದು ಮೂರು ತಿಂಗಳಾದ ಮೇಲೆ.

ಜಗದ್ಗುರು ಫ್ರಾನ್ಸಿಸರ ವಿಷಯ ಇನ್ನೂ ಹಸಿಯಾಗಿದೆ. 2025ರ ಫೆಬ್ರವರಿ 14ರಂದು ರೋಮಿನ ಜೆಮೆಲ್ಲಿ ಆಸ್ಪತ್ರೆ ಸೇರಿದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಸಂತ ಪೇತ್ರರ ಚೌಕದಲ್ಲಿ ರಾತ್ರಿ ಜನ ಸೇರಿ ಜಪಸರ ಹೇಳಿದರು. ಅವರಿಗಾಗಿ ನಮ್ಮ ಊರುಗಳಲ್ಲೂ ಪ್ರಾರ್ಥನೆ ನಡೆಯಿತು. 38 ದಿನದ ಮೇಲೆ ಹೊರಗೆ ಬಂದರು. ಏಪ್ರಿಲ್ 20, ಪಾಸ್ಖ ಭಾನುವಾರ, ಗಾಲಿಕುರ್ಚಿಯಲ್ಲೇ ಬಾಲ್ಕನಿಗೆ ಬಂದು ದನಿ ಎತ್ತಲಾಗದಿದ್ದರೂ ಹಬ್ಬದ ಶುಭ ಹಾರೈಸಿದರು. ಮಾರನೆಯ ದಿನ ಬೆಳಿಗ್ಗೆ ತೀರಿಕೊಂಡರು. 88 ವರ್ಷ. ಇಷ್ಟು ಪ್ರಾರ್ಥನೆ ಮಾಡಿ ಒಂದು ತಿಂಗಳೂ ಉಳಿಯಲಿಲ್ಲವಲ್ಲ ಅಂತ ಒಬ್ಬರು ನನಗೆ ಹೇಳಿದರು. ಉಳಿದಿದ್ದರಿಂದಲೇ ತಾನೇ ಪಾಸ್ಖ ದೀಪ ಉರಿಯುತ್ತಿರುವಾಗ ಹೋದದ್ದು ಅಂದೆ. ಕ್ರೈಸ್ತನೊಬ್ಬನ ಶವಪೆಟ್ಟಿಗೆಯ ಪಕ್ಕದಲ್ಲಿ ಇಡುವುದೂ ಅದೇ ದೀಪವನ್ನು. ದೀಕ್ಷಾಸ್ನಾನದ ದಿನ ಮಗುವಿನ ಹೆಸರಲ್ಲಿ ಬತ್ತಿ ಹಚ್ಚಿದ್ದೂ ಅದರಿಂದಲೇ.

ನಮ್ಮ ಸೀಮೆಯಲ್ಲಿ ಗದ್ದುಗೆ ಅಂದರೆ ಎಲ್ಲರಿಗೂ ಗೊತ್ತು. ಲಿಂಗೈಕ್ಯರಾದ ಸ್ವಾಮಿಗಳು ಅಲ್ಲಿದ್ದಾರೆ ಅಂತ ಜನ ಅಡ್ಡಬೀಳುತ್ತಾರೆ. ದರ್ಗಾದಲ್ಲೂ ಹಾಗೇ. ನಾವೂ ಗೋವೆಗೆ ಹೋಗುವುದು ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರ ಅಲ್ಲಿದೆ ಅಂತಲೇ. ಹತ್ತು ವರ್ಷಕ್ಕೊಮ್ಮೆ ಅದರ ದರ್ಶನ, ಕಳೆದ ಸಲ 2024ರ ನವೆಂಬರಿನಲ್ಲಿ ಶುರುವಾಗಿ 2025ರ ಜನವರಿಯವರೆಗೆ ನಡೆಯಿತು. ಪೂಜ್ಯರ ದೇಹ ಇರುವ ಜಾಗಕ್ಕೆ ಗೌರವ ಕೊಡುವುದು ಮನುಷ್ಯರ ಒಳ್ಳೆಯ ಗುಣ. ಆದರೆ ಕ್ರೈಸ್ತರಿಗೆಲ್ಲ ಅತ್ಯಂತ ಪವಿತ್ರವಾದ ಸಮಾಧಿ ಜೆರುಸಲೇಮಿನಲ್ಲಿದೆ, ಅದು ಖಾಲಿ. ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಿಂದ, 335ರಿಂದ, ಅದರ ಮೇಲೆ ದೇವಾಲಯವಿದೆ. ಕೆಡವಿದ್ದಾರೆ, ಮತ್ತೆ ಕಟ್ಟಿದ್ದಾರೆ. ಬಾಗಿಲಿನ ಬೀಗದ ಕೈ ತಲೆತಲಾಂತರದಿಂದ ಮುಸ್ಲಿಂ ಮನೆತನದವರ ಕೈಲಿದೆ. 2016ರ ಅಕ್ಟೋಬರಿನಲ್ಲಿ ದುರಸ್ತಿಗಾಗಿ ಅಲ್ಲಿಯ ಅಮೃತಶಿಲೆಯ ಚಪ್ಪಡಿ ಸರಿಸಿದಾಗ ಕೆಳಗೆ ಸಿಕ್ಕಿದ್ದು ಕಲ್ಲುಮಣ್ಣು, ಅದರಡಿ ಇನ್ನೊಂದು ಚಪ್ಪಡಿ, ಅದರಡಿ ಬಂಡೆಯ ಹಾಸು. ಸಾವಿರಾರು ಮೈಲಿ ಪ್ರಯಾಣ ಮಾಡಿ ಜನ ಅಲ್ಲಿಗೆ ಹೋಗಿ ಏನೂ ಇಲ್ಲದ ಕಲ್ಲಿಗೆ ಮುತ್ತಿಟ್ಟು ಬರುತ್ತಾರೆ. ಇದಕ್ಕಿಂತ ವಿಚಿತ್ರವಾದ ಯಾತ್ರೆ ನನಗೆ ಗೊತ್ತಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದಾರೆ, ಕ್ರಿಸ್ತರು ಎದ್ದಿಲ್ಲ ಅಂದರೆ ನಮ್ಮ ಬೋಧನೆಯೂ ಟೊಳ್ಳು, ನಿಮ್ಮ ವಿಶ್ವಾಸವೂ ಟೊಳ್ಳು ಅಂತ. ಯೇಸು ತೀರಿಕೊಂಡು ಇಪ್ಪತ್ತೈದು ವರ್ಷದ ಸುಮಾರಿಗೆ ಬರೆದ ಪತ್ರ. ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಲೂ ಸೇರಿಸಿದ್ದಾರೆ, ಅನುಮಾನವಿದ್ದವರು ಹೋಗಿ ಕೇಳಲಿ ಅನ್ನುವ ಹಾಗೆ.

ಸಾವಾದ ಮನೆಯಲ್ಲಿ ದುಃಖದ ಜೊತೆ ಇನ್ನೊಂದು ಇರುತ್ತೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗಾಲದಲ್ಲಿ ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ಆ ಮಾತು ಆಡಬಾರದಿತ್ತು. ಆಸ್ತಿ ಜಗಳದಲ್ಲಿ ಅಪ್ಪನ ಮುಖ ನೋಡದೆ ಇದ್ದೆ, ಈಗ ಯಾರ ಹತ್ತಿರ ಕ್ಷಮೆ ಕೇಳಲಿ? ಪಾಪನಿವೇದನೆಯಲ್ಲಿ ಕೂತ ಗುರುಗಳಿಗೆ ಇದು ಚೆನ್ನಾಗಿ ಗೊತ್ತು. ಇಂಥವರು ಸಂತ ಪೇತ್ರರನ್ನು ನೆನೆಯಬೇಕು. ಪ್ರಧಾನಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಅಂದವರು. ಮಾರನೆಯ ಹೊತ್ತಿಗೆ ಯೇಸು ಸತ್ತೇ ಹೋದರು. ಕ್ಷಮೆ ಕೇಳುವ ಬಾಗಿಲು ಮುಚ್ಚಿತು ಅಂದುಕೊಂಡಿರಬೇಕು ಪೇತ್ರರು. ಆದರೆ ಗಲಿಲೇಯದ ಸರೋವರದ ದಡದಲ್ಲಿ ಒಂದು ಬೆಳಿಗ್ಗೆ ಮತ್ತೆ ಇದ್ದಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಒಲೆ ಹೊತ್ತಿಸಿ ಕೂತವರು ಎದ್ದು ಬಂದ ಯೇಸು. ಮೊದಲು ಊಟ ಕೊಟ್ಟರು. ಊಟ ಆದ ಮೇಲೆ ಮೂರು ಸಲ ಕೇಳಿದರು, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಯಾಕೆ ಹಾಗೆ ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ನೀವು ಬೆಟ್ಟ ಇಳಿದು ಬಸ್ಸೋ ರೈಲೋ ಹಿಡಿಯುತ್ತೀರಿ. ಬಂದಾಗ ಇದ್ದ ಕಾಯಿಲೆ, ಸಾಲ, ಖಾಲಿ ಕುರ್ಚಿ ಮನೆಯಲ್ಲಿ ಹಾಗೇ ಇರಬಹುದು. ಪಾಸ್ಖದ ದಿನ ಇಬ್ಬರು ಶಿಷ್ಯರು ಜೆರುಸಲೇಮ್ ಬಿಟ್ಟು ಎಮ್ಮಾವುಸ್ ಅನ್ನುವ ಊರಿಗೆ ವಾಪಸು ಹೊರಟಿದ್ದರು. ಯಾತ್ರೆ ಮುಗಿಸಿ, ನಿರಾಸೆ ಹೊತ್ತು. ಹನ್ನೊಂದು ಕಿಲೋಮೀಟರಿನಷ್ಟು ದಾರಿ, ದಾವಣಗೆರೆಯಿಂದ ಹರಿಹರಕ್ಕೆ ಇರುವಷ್ಟೂ ಇಲ್ಲ. ಜೊತೆಗೆ ಬಂದು ಸೇರಿದ ದಾರಿಹೋಕನಿಗೆ ತಮ್ಮ ದುಃಖವನ್ನೆಲ್ಲ ಹೇಳಿಕೊಂಡರು, ನಾವು ಏನೇನೋ ಆಸೆ ಇಟ್ಟುಕೊಂಡಿದ್ದೆವು ಅಂತ. ಅವರು ಪೂರಾ ಕೇಳಿಸಿಕೊಂಡರು. ಹೊತ್ತು ಮುಳುಗಿತು, ಇಲ್ಲೇ ಉಳಿಯಿರಿ ಅಂತ ಇವರು ಒತ್ತಾಯ ಮಾಡಿ ಊಟಕ್ಕೆ ಕೂರಿಸಿದರು. ರೊಟ್ಟಿ ಮುರಿಯುವ ಕೈ ನೋಡಿದಾಗ ಕಣ್ಣು ತೆರೆಯಿತು. ಪುನರುತ್ಥಾನರಾದ ಪ್ರಭು ಅವರಿಗೆ ಸಿಕ್ಕಿದ್ದು ಪುಣ್ಯಕ್ಷೇತ್ರದಲ್ಲಲ್ಲ, ಮನೆಗೆ ಹೋಗುವ ದಾರಿಯಲ್ಲಿ.

ಒಂದು ಕೆಲಸ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ನಾವೆಲ್ಲ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚುತ್ತೇವೆ. ಪಾಸ್ಖದ ದಿನ ಆ ಕಡೆ ಯಾರೂ ಸುಳಿಯುವುದಿಲ್ಲ. ಆ ಹೆಂಗಸರು ಹೋದದ್ದು ಪಾಸ್ಖದ ದಿನವೇ ಅಲ್ಲವೇ? ಈ ವರ್ಷ ಸಾವಾದ ಮನೆಯವರು, ಹಬ್ಬವಿಲ್ಲ ಅಂದುಕೊಂಡವರು, ಮುಂದಿನ ಪಾಸ್ಖ ಭಾನುವಾರ ಪೂಜೆ ಮುಗಿಸಿ ನೆಟ್ಟಗೆ ಸಮಾಧಿಯ ಹತ್ತಿರ ಹೋಗಿ. ಜಾಗರಣೆಯಲ್ಲಿ ಕೈಯಲ್ಲಿ ಹಿಡಿದಿದ್ದ ಬತ್ತಿಯ ಉಳಿದ ತುಂಡನ್ನು ಎಸೆಯದೆ ತೆಗೆದಿಟ್ಟುಕೊಂಡು ಅಲ್ಲಿ ಹಚ್ಚಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಿಗೆ ಇಷ್ಟವಾಗಿದ್ದ ಸಿಹಿ ಏನಾದರೂ ಇದ್ದರೆ ಮಾಡಿಕೊಂಡು ಹೋಗಿ, ಅಲ್ಲೇ ಕೂತು ಎಲ್ಲರಿಗೂ ಹಂಚಿ. ಅಳು ಬಂದರೆ ಬರಲಿ. ವರ್ಷ ತುಂಬಿಲ್ಲ, ಹಬ್ಬ ಮಾಡ್ತಿದ್ದೀರಲ್ಲ ಅಂತ ಅಕ್ಕಪಕ್ಕದವರು ಕೇಳಿದರೆ ಅವರ ಕೈಗೂ ಒಂದು ಸಿಹಿ ಕೊಡಿ.